ಸಹಿ ಹಾಕಿದರೆ ಶಾಸಕರ ಸ್ಥಾನ ಹೋಗುವುದಿಲ್ಲ

‘ಪ್ರಣಾಳಿಕೆಯ ಭರವಸೆ ಈಡೇರಿಸದ ಶಾಸಕರ ವಿರುದ್ಧ ಕ್ಷೇತ್ರದ ಅರ್ಧದಷ್ಟು ಮತದಾರರು ಸಹಿ ಹಾಕಿದರೆ ಸದಸ್ಯತ್ವ ರದ್ದಾಗುತ್ತದೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸುಳ್ಳು. ಶಾಸಕರನ್ನಾಗಲಿ ಸಂಸದರನ್ನಾಗಲಿ ಅವಧಿಯ ನಡುವೆ ಮತದಾರರೇ ವಾಪಸ್ ಕರೆಸುವ ಕಾನೂನು ನಮ್ಮಲ್ಲಿಲ್ಲ. ಮಧ್ಯಪ್ರದೇಶ, ಛತ್ತೀಸಗಢಗಳಲ್ಲಿ ಅಂಥ ಅವಕಾಶ ಇರುವುದು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಮಾತ್ರ.

ಪ್ರಣಾಳಿಕೆ ಕರಾರುಪತ್ರವೂ ಅಲ್ಲ. ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ 2013ರ ಜುಲೈ 5ರಂದು ಸುಪ್ರೀಂ ಕೋರ್ಟ್, ಪ್ರಣಾಳಿಕೆಯ ಭರವಸೆಗಳು ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್‌ ಹೇಳುವ ಚುನಾವಣಾ ಭ್ರಷ್ಟ ಆಚರಣೆಗಳ ವ್ಯಾಪ್ತಿಗೆ ಬರುವುದಿಲ್ಲ ಎಂದಿತು. ಜೊತೆಗೆ ಮಾರ್ಗಸೂಚಿ ರೂಪಿಸಲು ಚುನಾವಣಾ ಆಯೋಗಕ್ಕೆ ಸೂಚಿಸಿತು. ಭರವಸೆಗೆ ಹಣ ಎಲ್ಲಿಂದ ಬರುತ್ತದೆಂದು ಪಕ್ಷಗಳು ಸ್ಥೂಲವಾಗಿಯಾದರೂ ಹೇಳಬೇಕೆಂದು ಆಯೋಗದ ಚುನಾವಣಾ ನೀತಿಸಂಹಿತೆ ಈಗ ಕೇಳುತ್ತದೆ. ಹೇಳದಿದ್ದರೆ ಶಿಕ್ಷೆಯಿಲ್ಲ, ನನ್ನ ಮಟ್ಟಿಗೆ ದೊಡ್ಡ ಕೊರತೆ ಇದೇ.

ಸಹಿ ಸಂಗ್ರಹಕ್ಕೆ ಓಡಾಡುತ್ತಿರುವವರ ಸಿಟ್ಟು ನ್ಯಾಯವಾದದ್ದು, ಅದು ವ್ಯರ್ಥವಾಗಬಾರದು. ಮಾತು ಕೊಟ್ಟ ರಸ್ತೆಗೋ ಶಾಲಾ ಕೊಠಡಿಗೋ ಶಾಸಕರ ನಿಧಿಯಿಂದ ಎಷ್ಟು ಮಂಜೂರಾಯಿತು, ಎಷ್ಟು ಖರ್ಚಾಯಿತು ಎಂದು ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನಗಳ ಗಡುವಿದೆ.