ಒದ್ದೆ ಸೀಲಿಂಗಿಗೆ ಸ್ಟಿಕ್ಕರ್ ಅಂಟಿಸೋದನ್ನ ದಯವಿಟ್ಟು ನಿಲ್ಲಿಸಿ

ಈಗಷ್ಟೇ ಇನ್ನೊಂದು ವಿಡಿಯೊ ನೋಡಿದೆ. ಮೇಲಿನ ಬಾತ್‌ರೂಮಿನ ನೀರು ಇಳಿದು ಸೀಲಿಂಗಿನಲ್ಲಿ ಕಂದು ಕಲೆ, ಸುತ್ತ ಉಬ್ಬಿದ ಪುಟ್ಟಿ. ಅದರ ಮೇಲೇ ಗಮ್ ಇರೋ ಪಿವಿಸಿ ಹಾಳೆ ಒತ್ತಿ 'ಅರ್ಧ ಗಂಟೆಯಲ್ಲಿ ಹೊಸ ಸೀಲಿಂಗ್' ಅಂತಾರೆ. ಕೆಳಗೆ ಜನ ಲಿಂಕ್ ಕೇಳ್ತಿದ್ದಾರೆ. ಸಿಟ್ಟು ನೆತ್ತಿಗೇರಿತು. ಸೀಲಿಂಗಿಗೆ ವಾಲ್‌ಪೇಪರ್ ಹಾಕೋದು ನನಗೆ ಎಷ್ಟು ಇಷ್ಟದ ಕೆಲಸ ಅಂತ ನಿಮಗೆಲ್ಲ ಗೊತ್ತು. ಅದಕ್ಕೇ ಇದು ಇನ್ನೂ ಚುಚ್ಚುತ್ತೆ.

ಪಿವಿಸಿ ತೇವವನ್ನ ಹೊರಗೆ ಬಿಡಲ್ಲ. ನೀರು ಹಿಂದೆಯೇ ನಿಂತು ಪುಟ್ಟಿ ಮೆತ್ತಗಾಗುತ್ತೆ, ಬೂಷ್ಟು ಹಿಡಿಯುತ್ತೆ, ಕೊನೆಗೆ ಹಾಳೆ ಪುಟ್ಟಿಯನ್ನೂ ಕಿತ್ಕೊಂಡು ಬೀಳುತ್ತೆ. ಅಷ್ಟಕ್ಕೇ ಮುಗಿದರೆ ಪುಣ್ಯ. ಮೋಲ್ಡಿನೊಳಗಿನ, ಅಂದ್ರೆ ಕಾಂಕ್ರೀಟ್ ಚಾವಣಿಯೊಳಗಿನ ಕಂಬಿ ತುಕ್ಕು ಹಿಡಿದರೆ ಉಬ್ಬುತ್ತೆ, ಕಾಂಕ್ರೀಟನ್ನ ಸೀಳುತ್ತೆ. ಕಂಬಿಯ ಸಾಲಿಗೆ ತುಕ್ಕಿನ ಗೆರೆಯೋ ಬಿರುಕೋ ಕಂಡರೆ ಎಂಜಿನಿಯರನ್ನ ಕರೀರಿ. ಅದನ್ನ ಹೂವಿನ ಚಿತ್ರದಿಂದ ಮುಚ್ಚಿದರೆ, ಚಕ್ಕೆ ಬೀಳೋದು ಕೆಳಗೆ ಮಲಗಿದವರ ಮೇಲೆ.

ಮೊದಲು ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ, ಕಲೆಯ ಮೇಲೆ 24 ಗಂಟೆ ಬಿಡಿ. ಒಳಮೈಯಲ್ಲಿ ಹನಿ ಕಟ್ಟಿದರೆ ಪೇಪರ್ ವಿಚಾರ ಅಲ್ಲಿಗೇ ಬಿಡಿ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಕಡೆ ಪ್ಲಾಸ್ಟರ್ ಬಿಟ್ಟಿದೆ, ಕೆಡವಿ ಹೊಸದಾಗಿ ಹಾಕಲೇಬೇಕು. ಕೈ ಉಜ್ಜಿದರೆ ಬಿಳಿ ಪುಡಿ ಅಂಟುತ್ತಾ? ಸುಣ್ಣ, ಡಿಸ್ಟೆಂಪರ್ ಕೆರೆದು, ತೊಳೆದು, ಒಣಗಿಸಿ ಪ್ರೈಮರ್ ಹೊಡೀರಿ. ಇಲ್ಲದಿದ್ದರೆ ಪೇಪರ್ ಹಿಡಿಯೋದು ಪುಡಿಯನ್ನ, ಸೀಲಿಂಗನ್ನಲ್ಲ. ಒಣಗಿದ ಹಳೇ ಕಲೆಗೆ ಆಯಿಲ್ ಪ್ರೈಮರ್ರೇ ಬೇಕು. ನೀರಿನ ಪ್ರೈಮರ್ ಹೊಡೆದರೆ ಕಲೆ ಪೇಪರಿನಾಚೆಗೂ ಮೂಡುತ್ತೆ.

'ಬಾಡಿಗೆ ಮನೆ, ಎರಡು ವರ್ಷಕ್ಕೆ ಇಷ್ಟೆಲ್ಲ ಯಾಕೆ' ಅನ್ನೋರಿದ್ದಾರೆ. ಖಾಲಿ ಮಾಡೋ ದಿನ ಸ್ಟಿಕ್ಕರ್ ಕಿತ್ತಾಗ ಜತೆಗೆ ಬರೋ ಪುಟ್ಟಿಗೆ ಬೆಂಗಳೂರಿನ ಓನರ್ ಅಡ್ವಾನ್ಸಿನಲ್ಲಿ ಎಷ್ಟು ಮುರೀತಾರೆ ಅಂತ ಲೆಕ್ಕ ಹಾಕಿ. ಸೋರಿಕೆ ರಿಪೇರಿ ಓನರ್ ಕೆಲಸ, ಅವರಿಂದಲೇ ಮಾಡಿಸಿ.

ಸೀಲಿಂಗ್ ಒಣಗಿದ್ದು ಗಟ್ಟಿಯಾಗಿದ್ದರೆ ಪೇಪರ್ ಎಂಥಾ ಚೆಂದ! ಸೆಂಟ್ರಿಂಗ್ ಹಲಗೆಯ ಗುರುತು, ಕೂದಲೆಳೆ ಬಿರುಕು, ತೇಪೆ ಎಲ್ಲ ಮರೆಯಾಗುತ್ತೆ. ಜರ್ಮನಿಯಲ್ಲಿ ಹ್ಯೂಗೊ ಎರ್ಫರ್ಟ್ 1864ರಲ್ಲೇ ಮರದ ಚೂರು ಸೇರಿಸಿದ ಒರಟು ಪೇಪರ್ ಮಾಡಿದರು. ಇಂಗ್ಲೆಂಡಿನ ಥಾಮಸ್ ಪಾಮರ್ 1887ರಲ್ಲಿ ಪೇಟೆಂಟ್ ಪಡೆದ ಅನಾಗ್ಲಿಪ್ಟಾ ಉಬ್ಬುಚಿತ್ರದ ಹಗುರ ಪೇಪರ್, ಮೇಲೆ ಪೇಂಟ್ ಹೊಡೀಬಹುದು. ಉಬ್ಬುತಗ್ಗು ಮುಚ್ಚೋಕೆ ಅಂಥದ್ದೇ ಬೇಕು. ಹೊಳೆಯೋ ನುಣುಪು ಪೇಪರ್ ಪ್ರತಿ ಗುಳಿಯನ್ನೂ ಎತ್ತಿ ತೋರಿಸುತ್ತೆ.

ಲೆಕ್ಕ ಹೀಗೆ. ಸಾಮಾನ್ಯ ರೋಲ್ 21 ಇಂಚು ಅಗಲ, 33 ಅಡಿ ಉದ್ದ. 10x12 ಅಡಿ ಕೋಣೆಗೆ, ಅಂಚು ಕತ್ತರಿಸೋಕೆ 4 ಇಂಚು ಸೇರಿಸಿ, 10 ಅಡಿ 4 ಇಂಚಿನ ಪಟ್ಟಿ ಒಂದು ರೋಲಿಗೆ ಮೂರೇ. ಬೇಕಿರೋದು ಏಳು. ಚದರಡಿ ಭಾಗಿಸಿ ಎರಡೇ ರೋಲ್ ತಂದರೆ ಕೊನೆಗೆ ಒಂದೂವರೆ ಅಡಿ ಬರಿದೇ ಉಳಿಯುತ್ತೆ. ಮೂರು ರೋಲನ್ನೂ ಒಂದೇ ಬ್ಯಾಚ್ ನಂಬರಿಂದ ತನ್ನಿ.

ಕಿಟಕಿ ಗೋಡೆಗೆ ಸಮಾನಾಂತರವಾಗಿ, ಕಿಟಕಿ ಕಡೆಯಿಂದಲೇ ಶುರು ಮಾಡಿ. ಆಗ ಜಾಯಿಂಟಿನ ನೆರಳು ಬೀಳಲ್ಲ. ಗೋಡೆಯಿಂದ ಇಪ್ಪತ್ತೂವರೆ ಇಂಚಿಗೆ ದಾರ ಮಿಡಿದು ಗೆರೆ ಹಾಕಿ. ಮೈದಾ ಅಂಟು ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತೆ, ಹುಳ ತಿನ್ನುತ್ತೆ. ವಾಲ್‌ಪೇಪರ್ ಗಮ್ ಪುಡಿಯನ್ನೇ ಕಲಸಿ, ತೆಳುವಾಗಿ ಒಂದು ಕೋಟ್ ಸೀಲಿಂಗಿಗೂ ಹಚ್ಚಿ ಒಣಗಿಸಿ. ಪಟ್ಟಿಗೆ ಗಮ್ ಹಚ್ಚಿ, ಗಮ್ ಮುಖ ಗಮ್ ಮುಖಕ್ಕೆ ಬರೋ ಹಾಗೆ ಸೀರೆಯ ನೆರಿಗೆಯಂತೆ ಮಡಚಿ, ಪ್ಯಾಕೆಟ್ ಮೇಲೆ ಬರೆದಷ್ಟು ನಿಮಿಷ ನೆನೆಯಲು ಬಿಡಿ. ಪೇಪರ್ ನೆನೆದಾಗ ಅಗಲ ಆಗುತ್ತೆ. ಅವಸರ ಮಾಡಿದರೆ ಆ ಹಿಗ್ಗುವಿಕೆ ಸೀಲಿಂಗಿಗೆ ಅಂಟಿದ ಮೇಲೆ ನಡೆದು ಗುಳ್ಳೆ ಏಳುತ್ತೆ. ಸಾರ್ವೆ ಮೇಲೆ ಒಬ್ಬರು ನೆರಿಗೆ ಹಿಡೀಬೇಕು, ಇನ್ನೊಬ್ಬರು ನಡುವಿಂದ ಅಂಚಿಗೆ ಬ್ರಷ್ ಎಳೀಬೇಕು. ಅಂಚಿಗೆ ಅಂಚು ತಾಗಲಿ, ಒಂದರ ಮೇಲೊಂದು ಬೇಡ. ಉಬ್ಬುಚಿತ್ರದ ಮೇಲೆ ರೋಲರ್ ಒತ್ತಿದರೆ ಚಿತ್ರ ಚಪ್ಪಟೆ.

ಫ್ಯಾನಿನ ಹತ್ತಿರ ಕೈ ಹಾಕೋ ಮುಂಚೆ ಮೇನ್ ಆಫ್ ಮಾಡಿ. ಮೇಲಿನ ಕಪ್ ಕೆಳಗಿಳಿಸಿ, ಪೇಪರನ್ನ ನಕ್ಷತ್ರದ ಹಾಗೆ ಕತ್ತರಿಸಿ, ತುದಿಗಳು ಕಪ್‌ನೊಳಗೆ ಅಡಗುವಂತೆ ಮಾಡಿ. ಆಮೇಲೆ ಒಂದು ದಿನ ಫ್ಯಾನ್ ಹಾಕಬೇಡಿ. ಬೇಗ ಒಣಗಿದರೆ ಪೇಪರ್ ಕುಗ್ಗಿ ಜಾಯಿಂಟ್ ಬಾಯಿ ಬಿಡುತ್ತೆ.

ಸೋರಿಕೆಯನ್ನ ಮಳೆಗಾಲದಲ್ಲೇ ಹುಡುಕಿ, ರಿಪೇರಿ ಆದ ಮೇಲೆ ಚೆನ್ನಾಗಿ ಆರಲು ಬಿಡಿ, ಪೇಪರ್ ಕೆಲಸ ಬೇಸಿಗೆಗೆ ಇಟ್ಕೊಳ್ಳಿ. ಗೃಹಪ್ರವೇಶ ಮುಂದಿನ ವಾರ ಇದ್ದರೂ ಸರಿ, ಒದ್ದೆ ಸೀಲಿಂಗನ್ನ ಹಾಗೇ ಬಿಡಿ. ಬಂದವರು ಕಲೆ ನೋಡಿದರೆ ನೋಡಲಿ.