ಐದು ವರ್ಷಕ್ಕೊಮ್ಮೆ ಸಭಾಪಾಲಕರ ವರ್ಗಾವಣೆ ಬೇಕೇ?

ಪರ

ಸಭಾಪಾಲಕರು, ಅಂದರೆ ಚರ್ಚಿನ ಸಭೆಯನ್ನು ನೋಡಿಕೊಳ್ಳುವ, ನಾವು ಅಯ್ಯನವರು ಎನ್ನುವ ಪಾದ್ರಿಗಳು, ಒಳ್ಳೆಯವರೋ ಅಲ್ಲವೋ ಎಂಬುದು ಅವರು ಹೋದ ಮೇಲೆ ಗೊತ್ತಾಗುತ್ತದೆ. ಸಂಡೇ ಸ್ಕೂಲ್ ನಡೆಯುತ್ತಿದೆಯೇ? ಕಾಣಿಕೆ ಎಣಿಸಲು ಇಬ್ಬರು ಕೂರುತ್ತಾರೆಯೇ? ಅಯ್ಯನವರು ಊರಲ್ಲಿಲ್ಲದ ಭಾನುವಾರ ಆರಾಧನೆ ನಡೆಸಬಲ್ಲ ಹಿರಿಯರಿದ್ದಾರೆಯೇ? ಒಬ್ಬರೇ ಹದಿನೈದು ವರ್ಷ ಕೂತ ಕಡೆ ಬೀಗದ ಕೈಯಿಂದ ಹಿಡಿದು ಕ್ವೈರ್ ಹಾಡುವ ಕೀರ್ತನೆಯವರೆಗೆ ಎಲ್ಲವೂ ಅಯ್ಯನವರ ಮನೆಯಾದ ಪಾರ್ಸನೇಜಿನಲ್ಲೇ ತೀರ್ಮಾನವಾಗುತ್ತದೆ. ಹತ್ತಿರದ ನಾಲ್ಕು ಮನೆತನಗಳು ಕಮಿಟಿಯಲ್ಲಿ ಬೇರುಬಿಡುತ್ತವೆ, ಉಳಿದವರು ಹಿಂದಿನ ಬೆಂಚು ಹಿಡಿಯುತ್ತಾರೆ.

ಊರೂರಲ್ಲಿ ಸಭೆ ಕಟ್ಟಿದ ಬೈಬಲ್ಲಿನ ಅಪೊಸ್ತಲ ಪೌಲ ಕೊರಿಂಥದಲ್ಲಿದ್ದದ್ದು ಒಂದೂವರೆ ವರ್ಷ, ಎಫೆಸದಲ್ಲಿ ಮೂರು ವರ್ಷ. ಆಮೇಲೆ ಎಫೆಸದ ಹಿರಿಯರನ್ನು ಮಿಲೇತಕ್ಕೆ ಕರೆಸಿ ಮಂದೆಯನ್ನು ಅವರಿಗೇ ಒಪ್ಪಿಸಿದ. ಒಂದೇ ಕಡೆ ವರ್ಷವಿಡೀ ಬೋಧಿಸಿದರೆ ಸಭೆಯ ಜೊತೆ ತಾನೂ ನಿದ್ದೆಹೋಗುತ್ತೇನೆ ಎಂದಿದ್ದವರು, ಬೋಧಕರನ್ನು ಊರಿಂದೂರಿಗೆ ಕಳಿಸುತ್ತಿದ್ದ ಮೆಥೊಡಿಸ್ಟ್ ಪಂಥದ ಸ್ಥಾಪಕ ಜಾನ್ ವೆಸ್ಲಿ. ಬೆಂಗಳೂರಿನ ಕಾರ್ಪೊರೇಷನ್ ಬಳಿಯ ಹಡ್ಸನ್ ದೇವಾಲಯಕ್ಕಿರುವುದು ಅದೇ ವೆಸ್ಲಿಯನ್ ಪಂಥದ ಮಿಷನರಿಯೊಬ್ಬರ ಹೆಸರು. ಈ ಊರಿನ ಕನ್ನಡ ಸಭೆಗಳಿಗೆ ವರ್ಗಾವಣೆ ಹೊಸ ಕಾಟವೇನಲ್ಲ.

ಇನ್ನು ಲೆಕ್ಕ. ಅಧಿಕಾರ ಒಪ್ಪಿಸುವ ದಿನ ದೀಕ್ಷಾಸ್ನಾನ, ಮದುವೆ, ಸಮಾಧಿ, ಈ ಮೂರು ರಿಜಿಸ್ಟರುಗಳ ಕೊನೆಯ ನಮೂದನ್ನು ಇಬ್ಬರೂ ನೋಡಿ ಸಹಿ ಹಾಕಬೇಕು. ಪ್ರಭುಭೋಜನದ ಪಾತ್ರೆ ಎಣಿಸಬೇಕು, ಬ್ಯಾಂಕಿನಲ್ಲಿ ಸಹಿ ಬದಲಾಯಿಸಬೇಕು, ಖಾಲಿ ರಸೀದಿ ಪುಸ್ತಕಗಳ ನಂಬರು ಬರೆದುಕೊಳ್ಳಬೇಕು. ಕಟ್ಟಡ ನಿಧಿಗೆ ಕೈಚೀಟಿಯ ಮೇಲೆ ದುಡ್ಡು ಎತ್ತಿದ್ದರೆ ಅದು ಹೊರಬೀಳುವುದು ಇಲ್ಲೇ. ವರ್ಗಾವಣೆಯೇ ಇಲ್ಲದಿದ್ದರೆ ಆ ದಿನ ಬರುವುದೇ ಇಲ್ಲ.

ವಿರೋಧ

ಮುನ್ನೂರು ಮನೆಗಳ ಸಭೆ ಎಂದುಕೊಳ್ಳಿ. ಒಂದು ಮನೆ ಯಲಹಂಕದಲ್ಲಿ, ಇನ್ನೊಂದು ಕೆಂಗೇರಿಯಲ್ಲಿ. ಮನೆಭೇಟಿಗೆ ಹೊರಟ ಅಯ್ಯನವರು ಸಂಜೆಯ ಟ್ರಾಫಿಕ್ಕಿನಲ್ಲಿ ಎರಡು ಮನೆ ಮುಟ್ಟಿದರೆ ದೊಡ್ಡದು. ವಾರಕ್ಕೆ ಮೂರು ಸಂಜೆ ಎಂದರೆ ಆರು ಮನೆ, ಒಂದು ಸುತ್ತಿಗೆ ಐವತ್ತು ವಾರ. ಈಸ್ಟರಿಗೆ ಮುಂಚಿನ ಶ್ರಮೆಯ ಕಾಲ, ಡಿಸೆಂಬರ್, ಮದುವೆ, ಸಾವು ಕಳೆದರೆ ಒಂದೂವರೆ ವರ್ಷವೇ ಬೇಕು. ಎರಡನೇ ಸುತ್ತಿನಲ್ಲಿ ತಾನೇ ಜನ ಬಾಯಿಬಿಡುವುದು! ಮಗನ ಕುಡಿತ, ಅತ್ತೆ-ಸೊಸೆ ಜಗಳ, ಬಡ್ಡಿ ಸಾಲ ಇವೆಲ್ಲ ಮೊದಲ ಭೇಟಿಯ ಕಾಫಿಯ ಜೊತೆ ಬರುವ ಮಾತಲ್ಲ. ಐದನೇ ವರ್ಷ ಅಯ್ಯನವರ ಮನಸ್ಸು ಮುಂದಿನ ಸಭೆಯ ಮೇಲೆ, ಕಮಿಟಿಯ ಮನಸ್ಸು ಮುಂದಿನ ಅಯ್ಯನವರ ಮೇಲೆ. ನಿಜವಾಗಿ ಕೈಗೆ ಸಿಕ್ಕುವುದು ಎರಡೂವರೆ ವರ್ಷ.

ಪೌಲನ ಉದಾಹರಣೆ ಅರ್ಧ ಸತ್ಯ. ಅವನು ಸಭೆ ನೆಟ್ಟವನು. ನೀರು ಹೊಯ್ಯಲು ತನ್ನ ಜೊತೆ ಸೇವಕ ತಿಮೊಥೆಯನಿಗೆ ಎಫೆಸದಲ್ಲೇ ಇರು ಎಂದ, ಇನ್ನೊಬ್ಬ ಜೊತೆಗಾರ ತೀತನನ್ನು ಕ್ರೇತದಲ್ಲೇ ಬಿಟ್ಟ. 1983ರ ಕ್ಯಾಥೊಲಿಕ್ ಧರ್ಮಶಾಸನದ 522ನೇ ವಿಧಿಯೂ ಪ್ಯಾರಿಷ್ ಗುರುವಿಗೆ ಮೊದಲು ಕೇಳುವುದು ಸ್ಥಿರತೆ. ಅವಧಿ ಗೊತ್ತುಮಾಡಲು ಬಿಷಪರ ಮಂಡಲಿ ಒಪ್ಪಿರಬೇಕು. ಇಂಗ್ಲೆಂಡಿನ ಕೇಂಬ್ರಿಡ್ಜಿನಲ್ಲಿ ಚಾರ್ಲ್ಸ್ ಸಿಮಿಯನ್ ಎಂಬ ಪಾದ್ರಿ 1782ರಲ್ಲಿ ಹೋಲಿ ಟ್ರಿನಿಟಿ ಸಭೆಗೆ ಬಂದಾಗ ಅಲ್ಲಿನವರು ತಮ್ಮ ಆಸನಗಳಿಗೆ ಬೀಗ ಜಡಿದರು. ಕೇಳಲು ಬಂದವರು ನಡುದಾರಿಯಲ್ಲಿ ನಿಂತರು. ಸಿಮಿಯನ್ 1836ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಐದು ವರ್ಷದ ನಿಯಮವಿದ್ದಿದ್ದರೆ ಬೀಗ ಹಾಕಿದವರೇ ಗೆಲ್ಲುತ್ತಿದ್ದರು. ನಮ್ಮಲ್ಲೂ ಅದೇ ಆಗುವುದು: ಕಾರ್ಯದರ್ಶಿ ಬದಲಾಗದೆ ಅಯ್ಯನವರು ಮಾತ್ರ ಬದಲಾದರೆ, "ಇವರು ಇನ್ನೆಷ್ಟು ದಿನ" ಎಂದು ಕಾದು ಕೂರುವವರ ಕೈಯೇ ಮೇಲು.

ದುಡ್ಡಿನ ಭಯಕ್ಕೆ ಮದ್ದು ಬೇರೆ ಇದೆ. ಆರಾಧನೆ ಮುಗಿದ ಕೂಡಲೇ ಇಬ್ಬರು ಕೂತು ಎಣಿಸಲಿ, ಸೋಮವಾರವೇ ಬ್ಯಾಂಕಿಗೆ ಕಟ್ಟಲಿ, ಚೆಕ್ಕಿಗೆ ಎರಡು ಸಹಿ ಇರಲಿ, ವರ್ಷಕ್ಕೊಮ್ಮೆ ಹೊರಗಿನ ಆಡಿಟರ್ ಬರಲಿ. ಇಷ್ಟಕ್ಕಾಗಿ ಒಂದು ಸಂಸಾರದ ಸಾಮಾನನ್ನು ಲಾರಿಗೆ ಏರಿಸಬೇಕಾಗಿಲ್ಲ. ಏರಿಸಲೇಬೇಕಾದರೆ ಆದೇಶ ಮಾರ್ಚಿಗೆ ಮೊದಲೇ ಕೈಗೆ ಬರಲಿ, ಮಕ್ಕಳಿಗೆ ಹೊಸ ಶಾಲೆಯಲ್ಲಿ ಸೀಟು ಹುಡುಕುವಷ್ಟಾದರೂ ಸಮಯ ಸಿಗುತ್ತದೆ.