ಮೂವತ್ತು ಪೌಂಡ್ ಹವಾ

ಕಲಬುರಗಿಯ ರಿಂಗ್ ರೋಡಿನ ಪಂಚರ್ ಅಂಗಡಿಯಲ್ಲಿ ವರ್ಷಗಳಿಂದ ನನ್ನದು ಒಂದೇ ಮಾತು: "ಚಾಚಾ, ಹಿಂದಿನ ಟೈರಿಗೆ ಮೂವತ್ತು ಹಾಕ್ರಿ." ಮೂವತ್ತು ಏನು ಅಂತ ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಕೇಳಿದ್ದರೆ ಪೌಂಡ್ ಅನ್ನುತ್ತಿದ್ದೆ.

ಯೋಚಿಸಿದರೆ ವಿಚಿತ್ರ. ಮನೆಗೆ ಬೇಳೆ ತರುವುದು ಕೆ.ಜಿ.ಯಲ್ಲಿ. ಗಂಜ್‌ನಲ್ಲಿ ತೊಗರಿ ಮಾರುವುದು ಕ್ವಿಂಟಲ್‌ನಲ್ಲಿ. ಬಂಗಾರ ತೊಲೆಯಲ್ಲಿ. ಹವಾ ಮಾತ್ರ ಪೌಂಡಿನಲ್ಲಿ! ಈ ಊರು ನಿಜಾಮರದ್ದಾಗಿತ್ತು, ಇಂಗ್ಲಿಷರು ನೇರವಾಗಿ ಆಳಲೇ ಇಲ್ಲ. ಆದರೂ ಟೈರಿನೊಳಗೆ ಇನ್ನೂ ಕೂತಿದ್ದಾರೆ.

ಮೊನ್ನೆ ಗಾಡಿಯ ಹಿಂದಿನ ಸೀಟಿನಲ್ಲಿ ಮಗಳಿದ್ದಳು, ಪಿಯುಸಿ ಸೈನ್ಸ್. "ಪಪ್ಪಾ, ಪೌಂಡ್ ಅಂದ್ರ ತೂಕ ಅಲ್ಲೇನು? ಹವಾ ಮೂವತ್ತು ಪೌಂಡ್ ತೂಗ್ತದೇನು?"

ತೂಗಲ್ಲ. ಟೈರಿನ ಒಳಮೈಯ ಒಂದೊಂದು ಚದರ ಇಂಚಿನ ಮೇಲೂ ಮೂವತ್ತು ಪೌಂಡ್ ಭಾರ ಇಟ್ಟಂಗೆ ಹವಾ ಒತ್ತುತ್ತದೆ, ಸುಮಾರು ಹದಿಮೂರೂವರೆ ಕೆ.ಜಿ.ಯಷ್ಟು. ಚಾಚಾನ ಮೀಟರಿನ ಒಳಸುತ್ತಿನಲ್ಲಿ ಇನ್ನೊಂದು ಲೆಕ್ಕವಿದೆ: ಚದರ ಸೆಂಟಿಮೀಟರಿಗೆ 2.1 ಕೆ.ಜಿ. ಆ ಕೆ.ಜಿ.ಯೂ ಸಕ್ಕರೆಯ ಕೆ.ಜಿ. ಅಲ್ಲ, ಬಲದ್ದು. ಒಂದು ಕೆ.ಜಿ.ಯನ್ನು ಭೂಮಿ ಎಳೆಯುವ ಬಲ 9.8 ನ್ಯೂಟನ್, ಒಂದು ಪೌಂಡಿನದು 4.45. ಪೌಂಡಿಗೂ ಕೆ.ಜಿ.ಗೂ ಒಂದೇ ಚಟ, ಒಮ್ಮೆ ವಸ್ತುವಿನ ಲೆಕ್ಕ, ಒಮ್ಮೆ ಎಳೆತದ ಲೆಕ್ಕ. ನಾವೇನು ಕಮ್ಮಿ? ಎರಡಕ್ಕೂ 'ತೂಕ' ಅಂದುಬಿಡುತ್ತೇವೆ. ವಸ್ತುವಿನ ಲೆಕ್ಕಕ್ಕಿರುವ ದ್ರವ್ಯರಾಶಿ ಅನ್ನೋ ಮಾತು ಪರೀಕ್ಷೆ ಮುಗಿದ ಮೇಲೆ ಯಾರ ಬಾಯಲ್ಲೂ ಬರೋದಿಲ್ಲ.

ಈ ಗೊಂದಲಕ್ಕೆಂದೇ ಇಂಗ್ಲಿಷ್ ಪದ್ಧತಿಯಲ್ಲಿ ದ್ರವ್ಯರಾಶಿಗಷ್ಟೇ 'ಸ್ಲಗ್' ಅಂತ ಇನ್ನೊಂದು ಅಳತೆ ಹುಟ್ಟಿಸಿದರು, ಸುಮಾರು 14.6 ಕೆ.ಜಿ. ಆ ಲೆಕ್ಕಕ್ಕೆ ನಾನು ಬರೀ ಐದು ಸ್ಲಗ್. ಮನೆಯಲ್ಲಿ ಹೇಳಿದೆ. ವಜನ್ ಇಳಿದಿದೆ ಅಂತ ಯಾರೂ ನಂಬಲಿಲ್ಲ.

ನಗುವ ವಿಷಯ ಅಂದುಕೊಂಡರೆ ನಾಸಾದವರು ಒಪ್ಪಲಿಕ್ಕಿಲ್ಲ. 1999ರ ಸೆಪ್ಟೆಂಬರಿನಲ್ಲಿ ಅವರ ಒಂದು ನೌಕೆ ಮಂಗಳದ ಹತ್ತಿರ ಹೋಗಿ ಕಳೆದುಹೋಯಿತು. ಅದರ ಸಣ್ಣ ಎಂಜಿನ್‌ಗಳ ತಳ್ಳುವಿಕೆಯನ್ನು ಒಂದು ತಂಡದ ಸಾಫ್ಟ್‌ವೇರ್ ಪೌಂಡಿನಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ನ್ಯೂಟನ್ ಅಂತ ಓದುತ್ತಿತ್ತು. ಅದೇ 4.45 ಪಟ್ಟಿನ ವ್ಯತ್ಯಾಸ. ತಿಂಗಳುಗಟ್ಟಲೆ ಚೂರುಚೂರೇ ದಾರಿ ತಪ್ಪಿ, ಕೊನೆಗೆ ನೌಕೆ ಮಂಗಳಕ್ಕೆ ತೀರಾ ಹತ್ತಿರ ಇಳಿದಿತ್ತು.

ಚಾಚಾನ ಅಂಗಡಿಯಲ್ಲಿ ಆ ಭಯವಿಲ್ಲ. ಹೇಳುವವನೂ ಪೌಂಡಿನವನೇ, ಹಾಕುವವನೂ ಪೌಂಡಿನವನೇ.

ಇಷ್ಟನ್ನೆಲ್ಲ ಮಗಳಿಗೆ ಹೇಳಿ ಮುಗಿಸುವಷ್ಟರಲ್ಲಿ ಚಾಚಾ ಪೈಪ್ ತೆಗೆದಿದ್ದರು. ಬೆರಳಿಗೆ ಉಗುಳು ಹಚ್ಚಿ ವಾಲ್ವಿನ ಬಾಯಿಗೆ ಸವರಿದರು. ಮೂವರೂ ಬಗ್ಗಿ ನೋಡಿದೆವು. ಗುಳ್ಳೆ ಏಳಲಿಲ್ಲ.

"ಬರಾಬರ್ ಅದ, ಹೋಗ್ರಿ," ಅಂದರು.